ನಾನು ನಿಲ್ಲಿಸಿದ ಹನಿ

ನಮ್ಮ ಚೇತನಾಳ ರಕ್ತದಲ್ಲಿ ಏನೂ ಇಲ್ಲವಂತೆ! ಇವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಫೋನ್ ಬಂತು. ನನ್ನ ಮಗಳು ಸರೋಜ ಫೋನನ್ನು ಕಿವಿಗೆ ಒತ್ತಿಕೊಂಡು "ಓಕೆ, ಓಕೆ, ಥ್ಯಾಂಕ್ಯೂ" ಅಂದಳು. ಅಂದವಳು ಹಾಗೇ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅವಳು ಕೂತ ರೀತಿ ನೋಡಿಯೇ ನನ್ನ ಅರ್ಧ ಜೀವ ಹೋಯಿತು. ಆಮೇಲೆ ತಲೆಯೆತ್ತಿ, "ಅಮ್ಮ, ಕ್ಲೀನ್ ಆಗಿದೆ. ಏನೇನೂ ಇಲ್ಲ" ಅಂದಳು. ನಾನು ಸಕ್ಕರೆ ಡಬ್ಬಿ ತೆಗೆದು ಒಂದು ಚಮಚ ಅವಳ ಬಾಯಿಗೆ, ಒಂದು ಚಮಚ ನನ್ನ ಬಾಯಿಗೆ ಹಾಕಿದೆ. ನನಗೆ ಸಕ್ಕರೆ ಕಾಯಿಲೆ ಇದೆ, ಇರಲಿ. ಅಷ್ಟರಲ್ಲಿ ಕಾಗದ ಹಾಕುವ ಹೆಂಗಸು ಬಂದಳು. ಅವಳ ಕೈಗೆ ಎರಡು ಬಾಳೆಹಣ್ಣು ಕೊಟ್ಟು "ಬ್ಲಡ್ ಗುಡ್! ಬ್ಲಡ್ ಗುಡ್!" ಅಂದೆ. ಪಾಪ, ಅವಳು ನಕ್ಕು ಹಣ್ಣು ತೆಗೆದುಕೊಂಡು ಸ್ವಲ್ಪ ಬೇಗಬೇಗನೇ ಹೋದಳು.

ಯಾರ ರಕ್ತ, ಏನು ಇಲ್ಲ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಒಂದಾದ ಮೇಲೆ ಒಂದು ಜೋಡಿಸಿ ಹೇಳಲು ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಹಚ್ಚಿದರು. ಅಕ್ಷರ ಕೂಡಿಸಿ ಬರೆಯುವುದನ್ನು ಸರೋಜ ಓದುವಾಗ ಅವಳ ಪಕ್ಕ ಕೂತು ಕಲಿತೆ. ಹಾಗಾಗಿ ನಡುವೆ ಎಲ್ಲಾದರೂ ದಾರಿ ತಪ್ಪಿದರೆ ಕೋಪ ಮಾಡಿಕೊಳ್ಳಬೇಡಿ.

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿ. ಇಲ್ಲಿಯವರು ಸಮುದ್ರದ ದಂಡೆಗೆ ಹೋಗುವಾಗ ಮಂಜುಗಡ್ಡೆ ತುಂಬಿಕೊಂಡು ಹೋಗುತ್ತಾರಲ್ಲ, ಆ ಜಾತಿಯ ಡಬ್ಬಿ. ದುಂಡಗೆ, ಕಿತ್ತಳೆ ಬಣ್ಣ, ನನ್ನ ಮೊಣಕಾಲಿನಷ್ಟು ಎತ್ತರ, ಮೇಲೆ ಮುಚ್ಚಳ, ಕೆಳಗೊಂದು ಪ್ಲಾಸ್ಟಿಕ್ ನಲ್ಲಿ. ಕೂಲರ್ ಅನ್ನುತ್ತಾರೆ. ನನ್ನ ಮೊಮ್ಮಗಳು ಚೇತನಾ ಅದನ್ನು ತಂದದ್ದು ಬಿಸಿನೀರು ಹಾಕಲು. ತಣ್ಣಗಿಡುವುದಕ್ಕೆ ಮಾಡಿದ್ದರಲ್ಲಿ ಬಿಸಿ ಇಡುತ್ತಾರೆಯೇ ಎಂದರೆ, "ಅಜ್ಜಿ, ಅದಕ್ಕೆ ಬಿಸಿ ಯಾವ್ದು ತಣ್ಣಗೆ ಯಾವ್ದು ಗೊತ್ತಾಗಲ್ಲ. ಒಳಗಿರೋದನ್ನ ಹೊರಗೆ ಬಿಡಲ್ಲ, ಅಷ್ಟೆ" ಅಂದಳು. ಇಲ್ಲೇ ಹುಟ್ಟಿದ ಹುಡುಗಿ. ಅಪ್ಪ ಅಮ್ಮನ ಹತ್ತಿರ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ನನ್ನ ಹತ್ತಿರ ಮಾತ್ರ ಕನ್ನಡ, ಅದೂ ಒಂದೊಂದೇ ಮಾತನ್ನು ಹುಡುಕಿ ತೆಗೆದು.

ಸರೋಜ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಮಂಜುನಾಥ ಲಾಂಗ್ ಬೀಚ್ ಬಂದರಿನಲ್ಲಿ ಹಡಗಿನಿಂದ ಕಂಟೇನರ್ ಇಳಿಸುವ ಕಡೆ ಕೆಲಸ ಮಾಡುತ್ತಾನೆ. ಅವರ ಮನೆ ಡೈಮಂಡ್ ಬಾರಿನ ಗುಡ್ಡದ ಮೇಲೆ. ಚೇತನಾ ಇರುವುದು ದಕ್ಷಿಣಕ್ಕೆ ಎರಡು ಗಂಟೆ ದಾರಿ ದೂರದ ಸ್ಯಾನ್ ಡಿಯಾಗೋದಲ್ಲಿ, ಮೀರಾ ಮೆಸಾದ ಒಂದು ಬಾಡಿಗೆ ಮನೆಯಲ್ಲಿ. ಅಲ್ಲಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ನಾನು ಈ ದೇಶಕ್ಕೆ ಬಂದದ್ದು ಇದು ಮೂರನೇ ಸಲ. "ಅಜ್ಜಿ, ಈ ಸಲ ಎರಡು ತಿಂಗಳು ನನ್ನ ಜೊತೆ" ಎಂದು ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಕಾರಿಲ್ಲ. ಈ ಡಬ್ಬಿ, ಮದುವೆಮನೆಯ ಅಳತೆಯ ಒಂದು ಸ್ಟೀಲ್ ಪಾತ್ರೆ, ರಬ್ಬರ್ ಕೊಳವೆಗಳು, ಖಾಲಿ ಬಾಟಲಿಗಳು.

"ಏನೇ ಇದೆಲ್ಲ?"

"ಬಿಯರ್ ಮಾಡ್ತೀನಿ ಅಜ್ಜಿ. ಮನೇಲೇ."

ನಾನು ಗ್ಯಾರೇಜಿನ ಬಾಗಿಲು ಎಳೆದುಬಿಟ್ಟೆ.

ನೀವು ನಗಬೇಡಿ. ನಾನು ಏಳು ವರ್ಷದವಳಿದ್ದಾಗ ನಮ್ಮ ಓಣಿಯ ಕೊನೆಯ ಮನೆಯ ತಾಯಮ್ಮ ಬೆಲ್ಲದ ಕೊಳೆ ಹಾಕಿ ಸಾರಾಯಿ ಕಾಯಿಸುತ್ತಿದ್ದಳು. ಅಬಕಾರಿ ಜೀಪು ಊರಬಾಗಿಲಿಗೆ ಬಂತು ಎಂದರೆ ಗಡಿಗೆಯನ್ನು ತಿಪ್ಪೆಯಲ್ಲಿ ಹೂತು ಮೇಲೆ ಒಂದು ಗೋಣಿಚೀಲ ಹಾಸಿ, ಓಣಿಯ ಯಾವುದಾದರೂ ಮಗುವನ್ನು ಅದರ ಮೇಲೆ ಕೂರಿಸುತ್ತಿದ್ದಳು. ಎರಡು ಸಲ ಆ ಮಗು ನಾನು. ಕೆಳಗೆ ಗಡಿಗೆ ಬೆಚ್ಚಗೆ ಗುಳುಗುಳು ಅನ್ನುತ್ತಿತ್ತು, ಎದುರಿಗೆ ಬೂಟುಗಾಲು. "ಏನೇ ಮಗು, ಇಲ್ಲಿ ಯಾಕೆ ಕೂತಿದ್ದೀಯ?" ಎಂದು ಆ ಬೂಟು ಕೇಳಿತು. ನನಗೆ ಬಾಯಿ ಬರಲಿಲ್ಲ, ಬೇರೆ ಏನೋ ಬಂತು. ಗೋಣಿಚೀಲ ಒದ್ದೆಯಾದದ್ದು ನೋಡಿ ಅವರು ಮೂಗು ಮುಚ್ಚಿಕೊಂಡು ಹೋದರು. ತಾಯಮ್ಮ ನನಗೆ ಒಂದು ಅಚ್ಚು ಬೆಲ್ಲ ಕೊಟ್ಟಳು. ಆ ಹೆದರಿಕೆ ಮಾತ್ರ ಇನ್ನೂ ಹೊಟ್ಟೆಯಲ್ಲಿ ಹಾಗೇ ಇದೆ.

ಹಾಗಾಗಿ ಮೀರಾ ಮೆಸಾದ ರಸ್ತೆಯಲ್ಲಿ ಸೈರನ್ ಕೇಳಿದಾಗಲೆಲ್ಲ ನಾನು ಕಿಟಕಿಯ ಪರದೆ ಎಳೆಯುತ್ತಿದ್ದೆ. "ಅಜ್ಜಿ, ಇಲ್ಲಿ ಇದು ಲೀಗಲ್. ಮನೆಗೆ ಮಾಡ್ಕೊಬಹುದು. ಪೊಲೀಸ್ ಬಂದ್ರೆ ಅವರಿಗೂ ಒಂದು ಗ್ಲಾಸ್ ಕೊಡೋಣ" ಎಂದು ಅವಳು ಬಿದ್ದುಬಿದ್ದು ನಕ್ಕಳು. ಒಂದು ದಿನ ಪಕ್ಕದ ಮನೆಯ ಹುಲ್ಲು ಕತ್ತರಿಸುವವನು ಖಾಕಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಒಂದು ಗಂಟೆ ಹೊತ್ತು ಆ ಕಿತ್ತಳೆ ಡಬ್ಬಿಯ ಮುಚ್ಚಳದ ಮೇಲೆ ಕೂತೇ ಇದ್ದೆ. ಎಪ್ಪತ್ತೊಂದು ವರ್ಷದ ಹೆಂಗಸು!

ನನ್ನ ಮನಸ್ಸು ತಿರುಗಿದ್ದು ರಾಗಿಯಿಂದ. ಎಲ್ಲರೂ ಬಾರ್ಲಿ ಮೊಳಕೆ ಹಾಕಿ ಮಾಡುವುದಂತೆ, ಇವಳಿಗೆ ಅರ್ಧ ರಾಗಿ ಹಾಕಬೇಕೆಂಬ ಆಸೆ. ಇಂಡಿಯನ್ ಅಂಗಡಿಯಿಂದ ರಾಗಿ ತಂದು ಒಂದು ತಟ್ಟೆಯಲ್ಲಿ ನೆನೆಸಿ ಇಟ್ಟಿದ್ದಳು. ಮೊಳಕೆ ಬಂದಿರಲಿಲ್ಲ, ಮುಗ್ಗಲು ವಾಸನೆ ಬಂದಿತ್ತು. ನನಗೆ ತಡೆಯಲಾಗಲಿಲ್ಲ. ಇವಳು ಹುಟ್ಟಿದಾಗ ಬಾಣಂತನಕ್ಕೆ ಬಂದಿದ್ದ ನಾನೇ ರಾಗಿ ನೆನೆಸಿ, ಬಿಳಿ ಪಂಚೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಸರಿಹಿಟ್ಟು ಮಾಡಿ ತಿನ್ನಿಸಿದವಳು. ಈಗಲೂ ಹಾಗೇ ಮಾಡಿದೆ. ಮೊಳಕೆ ರಾಗಿಯನ್ನು ಬಿಸಿನೀರಿಗೆ ಹಾಕಿ ಒಂದು ಗಂಟೆ ಬೆಚ್ಚಗಿಟ್ಟರೆ ಸಿಹಿಯಾಗುತ್ತದೆ ಎಂದು ಅವಳು ವಿವರಿಸಿದಾಗ, "ಅಷ್ಟೇನಾ? ಇದು ನೀನು ಕುಡಿದು ಬೆಳೆದದ್ದೇ ಕಣೆ" ಅಂದೆ. ಆ ಗಂಟೆ ಹೊತ್ತು ಬೆಚ್ಚಗಿಡುವುದಕ್ಕೇ ಆ ಡಬ್ಬಿ. ಆಮೇಲೆ ಕೆಳಗಿನ ನಲ್ಲಿ ತಿರುಗಿಸಿ ಸಿಹಿನೀರನ್ನು ಬಸಿದುಕೊಳ್ಳಬೇಕು.

ಗೋಳು ಶುರುವಾದದ್ದು ಆ ನಲ್ಲಿಯಲ್ಲೇ. ಡಬ್ಬಿಯ ಜೊತೆ ಬಂದ ಪ್ಲಾಸ್ಟಿಕ್ ನಲ್ಲಿ ಬಿಸಿಗೆ ತಡೆಯುವುದಿಲ್ಲ. ಅದನ್ನು ಕಿತ್ತು ಅದೇ ತೂತಿಗೆ ಹಿತ್ತಾಳೆಯ ವಾಲ್ವ್ ಕೂರಿಸಬೇಕು. ಒಳಗಡೆ ಒಂದು ರಬ್ಬರ್ ವಾಶರ್, ಹೊರಗಡೆ ಒಂದು, ಆಮೇಲೆ ನಟ್ಟು. ಚೇತನಾ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಹಾಕಿದಳು. ನೀರು ತುಂಬಿ ಕೆಳಗೆ ಪೇಪರ್ ಹಾಸಿ ನೋಡಿದರೆ ಟಪ್. ಬಿಚ್ಚಿ ಮತ್ತೆ ಹಾಕಿದಳು. ಟಪ್. ಮೂರನೇ ಸಲ ಹಾಕಿದಾಗ ನಾನು ಕಣ್ಣು ಮುಚ್ಚಿ ಎಣಿಸಿದೆ. ನಲವತ್ತು ಎಣಿಸುವಷ್ಟರಲ್ಲಿ ಒಂದು ಹನಿ. ಅವಳು ಸ್ಪ್ಯಾನರ್ ಬಿಸಾಡಿ, "ಐ ಗಿವ್ ಅಪ್ ಅಜ್ಜಿ" ಎಂದು ಗೋಡೆಗೆ ಒರಗಿ ಕೂತಳು. ಮುಖ ಇಷ್ಟು ಚಿಕ್ಕದಾಗಿತ್ತು.

ಸೋರುವ ಸದ್ದು ಕೇಳಿದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ನಮ್ಮ ಯಜಮಾನರು ಊರಿಗೆ ನೀರು ಬಿಡುವವರಾಗಿದ್ದರು. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿಬೀದಿಗೆ ಹೋಗಿ ವಾಲ್ವ್ ತಿರುಗಿಸುವುದು, ಪೈಪು ಸೋರಿದರೆ ಕಟ್ಟುವುದು. ಕೊಡ ಹಿಡಿದು ನಿಂತ ಹೆಂಗಸರು ಅವರನ್ನು ಬಯ್ಯುತ್ತಿದ್ದರು, ಹೊಗಳುತ್ತಿದ್ದರು, ಎರಡನ್ನೂ ಒಂದೇ ಉಸಿರಿನಲ್ಲಿ. ಆದರೆ ಅವರು ಕಟ್ಟಿದ ಪೈಪು ಸೋರಿತು ಎಂದು ಒಬ್ಬರೂ ಅನ್ನಲಿಲ್ಲ. ಸಣಬಿನ ನಾರಿನ ಎಳೆ ತೆಗೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪೈಪಿನ ತುದಿಯ ತಿರುಪು ಗೆರೆಗಳ ಮೇಲೆ ಸುತ್ತಿ, ಅದರ ಮೇಲೆ ಬಿಳಿ ಸಫೇದವನ್ನು ಹೆಬ್ಬೆರಳಿನಿಂದ ತಿಕ್ಕಿ, ಆಮೇಲೆ ಬಿಗಿಯುವುದು. ಸಫೇದ ಎಂದರೆ ಬೆಣ್ಣೆಯ ಹಾಗಿರುವ ಒಂದು ಬಿಳಿ ಪೇಸ್ಟು. ಹಾಗೆ ಬಿಗಿಯುವ ರಿಂಚಿನ ಇನ್ನೊಂದು ಕೊನೆ ಹಿಡಿಯುತ್ತಿದ್ದವಳು ನಾನು. ಕೊನೆಗಾಲದಲ್ಲಿ ಅವರ ಕೈ ಸೋತಾಗ ಕೀಲಿ ತಿರುಗಿಸಿದವಳೂ ನಾನೇ.

ಈಗ ಮುಚ್ಚಿಡುವುದು ಯಾಕೆ, ಹೇಳಿಬಿಡುತ್ತೇನೆ. ಅವರ ಆ ಸಫೇದದ ಡಬ್ಬಿ ನನ್ನ ಸೂಟ್‌ಕೇಸಿನಲ್ಲಿತ್ತು. ಹೋದ ಸಲ ಬಂದಾಗ ಸರೋಜಳ ಅಡಿಗೆಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ಬರಲು ನಾಲ್ಕು ದಿನ ಹಿಡಿಯಿತು. ನೀರು ಬಿಡುವವನ ಹೆಂಡತಿ ಮನೆಯಲ್ಲೇ ಇದ್ದು ನಾಲ್ಕು ದಿನ ಆ ಸದ್ದು ಕೇಳಿಸಿಕೊಂಡಿದ್ದಳು. ಆ ಅವಮಾನಕ್ಕೆ ಈ ಸಲ ಟ್ರಂಕಿನಲ್ಲಿದ್ದ ಸಫೇದದ ಡಬ್ಬಿ, ಒಂದು ಹಿಡಿ ನಾರು ಎರಡನ್ನೂ ಅವರ ಖಾಕಿ ಕರವಸ್ತ್ರದಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟುಕೊಂಡು ಬಂದೆ. ವಿಮಾನ ಇಳಿದ ಮೇಲೆ ಅಧಿಕಾರಿ ನನ್ನ ಕರಿಬೇವಿನ ಸೊಪ್ಪು ಎತ್ತಿಕೊಂಡ. ಸೀರೆಗಳ ತನಕ ಅವನ ಕೈ ಹೋಗಲಿಲ್ಲ.

ಮಾರನೇ ದಿನ ಚೇತನಾ ಶಾಲೆಗೆ ಹೋದಮೇಲೆ ನಾನು ಗ್ಯಾರೇಜಿಗೆ ಇಳಿದೆ. ವಾಲ್ವ್ ಬಿಚ್ಚಿದೆ. ನಾರಿನ ತುದಿ ಕಚ್ಚಿಕೊಂಡು ಸುತ್ತಿದೆ, ಸಫೇದ ತಿಕ್ಕಿದೆ, ಕಾಲಲ್ಲಿ ಡಬ್ಬಿಯನ್ನು ಅವುಚಿ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ನಟ್ಟು ಬಿಗಿದೆ. ಹೊರಗೆ ಕಂಡ ಬಿಳಿಯನ್ನು ಸೆರಗಿನಿಂದ ಒರೆಸಿದೆ. ನೀರು ತುಂಬಿ ಕೂತೆ. ನಲವತ್ತು ಎಣಿಸಿದೆ, ನಾನೂರು ಎಣಿಸಿದೆ. ಪೇಪರ್ ಒಣಗಿತ್ತು. ನನಗಾದ ಜಂಬ ಎಷ್ಟೆಂದರೆ, ಗ್ಯಾರೇಜಿನಲ್ಲಿ ಒಬ್ಬಳೇ ಕೂತು "ನೋಡಿದ್ರಾ?" ಎಂದು ಯಜಮಾನರನ್ನು ಗಟ್ಟಿಯಾಗಿ ಕೇಳಿದೆ.

ಸಂಜೆ ಬಂದ ಚೇತನಾ ಪೇಪರ್ ಮುಟ್ಟಿಮುಟ್ಟಿ ನೋಡಿದಳು. "ಅಜ್ಜಿ! ಹೌ?"

"ವಾಶರ್ ಕೂತುಕೊಳ್ಳಲು ಒಂದು ದಿನ ಬೇಕೇನೋ" ಅಂದೆ. ಅವಳ ಗೆಲುವು ಅವಳದ್ದೇ ಆಗಿರಲಿ ಎಂದು ಆ ಸುಳ್ಳು. ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡೆ.

ಶನಿವಾರ ರಾಗಿಯೂ ಬಾರ್ಲಿಯೂ ಆ ಡಬ್ಬಿಯಲ್ಲಿ ಒಂದು ಗಂಟೆ ಬೆಚ್ಚಗೆ ಕೂತವು. ನಲ್ಲಿ ತಿರುಗಿಸಿದಾಗ ಕಂದು ಬಣ್ಣದ ಸಿಹಿನೀರು ಸಣ್ಣಗೆ ಇಳಿಯಿತು. ಗ್ಯಾರೇಜೆಲ್ಲ ಸರಿಹಿಟ್ಟಿನ ವಾಸನೆ, ತೊಟ್ಟಿಲಿನ ವಾಸನೆ. ಅದನ್ನು ಕುದಿಸಿ, ಆರಿಸಿ, ಹುಳಿ ಬರಲು ಬಿಟ್ಟು, ಬಾಟಲಿಗೆ ತುಂಬಿ, ಮತ್ತೆ ಕಾಯ್ದು, ಒಟ್ಟು ಒಂದು ತಿಂಗಳು. ರಸ್ತೆಯ ಬದಿಯ ಮರಗಳು ನೇರಳೆ ಹೂವನ್ನು ಕಾರುಗಳ ಮೇಲೆ ಸುರಿಯುವುದಕ್ಕೂ, ಅವಳ ಶಾಲೆಗೆ ಬೇಸಿಗೆ ರಜ ಬರುವುದಕ್ಕೂ, ಮೊದಲ ಬಾಟಲಿ ತೆರೆಯುವುದಕ್ಕೂ ಸರಿಹೋಯಿತು. ಮಾರನೇ ದಿನ ಅವಳ ಸ್ನೇಹಿತರು ಹತ್ತು ಜನ ಬರುವವರಿದ್ದರು. ಅದಕ್ಕೆ ಮುಂಚೆ ಅವಳು ಒಂದು ಲೋಟ ಪೂರ್ತಿ ಕುಡಿದಳು. ನನಗೆ ಒಂದು ಚಮಚ ಕೊಟ್ಟಳು. ನೆಲಬೇವಿನ ಕಷಾಯ ಇದಕ್ಕಿಂತ ಮೇಲು. ಅವಳ ಮುಖ ಮಾತ್ರ ದೀಪದ ಹಾಗೆ ಉರಿಯುತ್ತಿತ್ತು. "ಅಜ್ಜಿ, ಎಲ್ಲಾ ಆ ವಾಲ್ವ್‌ನಿಂದ. ಅದು ಸೋರಿದ್ರೆ ನಾನು ಬಿಟ್ಟೇಬಿಡ್ತಿದ್ದೆ."

ಆಗ ಸುಮ್ಮನಿರಬೇಕಿತ್ತು. ಹೊಗಳಿಕೆ ನನ್ನ ಹೊಟ್ಟೆಯಲ್ಲಿ ಉಳಿಯಲಿಲ್ಲ. "ಅದನ್ನು ನಿಲ್ಲಿಸಿದ್ದು ನಾನು ಕಣೆ!" ಎಂದು ಒಳಗೆ ಓಡಿ ಸಫೇದದ ಡಬ್ಬಿ ತಂದು ತೋರಿಸಿದೆ.

ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಸರು ಚೀಟಿ ಎಂದೋ ಉದುರಿಹೋಗಿತ್ತು. "ಅಜ್ಜಿ, ಇದೇನು? ಇದರಲ್ಲಿ ಏನಿದೆ?"

"ಸಫೇದ. ಪೈಪಿಗೆ ಹಚ್ಚೋದು."

"ಎಷ್ಟು ಹಳೇದು?"

"ನಿನ್ನಮ್ಮನ ಮದುವೆಗೂ ಮುಂಚಿನದು."

ಅವಳು ಲೋಟ ಕೆಳಗಿಟ್ಟಳು. ಇಟ್ಟ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ಕಿವಿಗೆ ಹಾಕುವ ಹತ್ತಿಕಡ್ಡಿಯಂಥದ್ದೇನೋ ತಂದಳು. ಹಳೆಯ ಪೈಪಿನ ಪೇಸ್ಟಿನಲ್ಲಿ ಸೀಸ ಇರುತ್ತಿತ್ತಂತೆ, ಇದ್ದರೆ ಇದು ಕೆಂಪಾಗುತ್ತದೆ ಎಂದಳು. ಡಬ್ಬಿಯ ಬಿಳಿ ಪೇಸ್ಟಿಗೆ ತಾಗಿಸಿದಳು. ನಾನು ನೋಡುತ್ತಿದ್ದ ಹಾಗೆ ಕಡ್ಡಿಯ ತುದಿ ಕುಂಕುಮದಂತೆ ಕೆಂಪಗಾಯಿತು. ಕುಂಕುಮ ಕಂಡು ನನಗೆ ಅಷ್ಟು ಹೆದರಿಕೆಯಾದದ್ದು ಜೀವಮಾನದಲ್ಲಿ ಅದೊಂದೇ ಸಲ.

"ವಿಷಾನಾ?" ಅಂದೆ.

"ಹೌದು ಅಜ್ಜಿ. ಬಟ್ ಒಂದೇ ಗ್ಲಾಸ್. ಏನಾಗಲ್ಲ, ಏನಾಗಲ್ಲ" ಎಂದು ಅವಳೇ ನನ್ನ ಬೆನ್ನು ಸವರಿದಳು. ವಿಷ ಕುಡಿದವಳು ಅವಳು, ಸಮಾಧಾನ ಮಾಡಿಸಿಕೊಂಡವಳು ನಾನು. ಆಮೇಲೆ ಫೋನಿನಲ್ಲಿ ಓದಿ ನನಗೆ ಕನ್ನಡದಲ್ಲಿ ಹೇಳತೊಡಗಿದಳು. ಓದಿ ಹೇಳು ಎಂದು ನಾನೇ ಹಟ ಹಿಡಿದಿದ್ದೆ. "ತುಂಬಾ ದಿನ ಹೊಟ್ಟೆಗೆ ಹೋದ್ರೆ ಹೊಟ್ಟೆ ಹಿಂಡ್ಕೊಂಡು ನೋವು ಬರುತ್ತೆ. ತುಂಬಾ ಸುಸ್ತು. ಆಮೇಲೆ ಈ ಜಾಗ, ಮಣಿಕಟ್ಟು, ಅದು ವೀಕ್ ಆಗಿ ಕೈ ಹೀಗೆ ಕೆಳಗೆ..." ತನ್ನ ಕೈ ಮುಂದೆ ಚಾಚಿ ಬೆರಳುಗಳನ್ನು ಜೋತುಬಿಟ್ಟು ತೋರಿಸಿದಳು.

ನಾನು ಆ ಕೈಯನ್ನು ನೋಡಿದೆ. ಅದು ಅವಳದಾಗಿರಲಿಲ್ಲ.

ನಮ್ಮ ಯಜಮಾನರ ಕೊನೆಯ ನಾಲ್ಕು ವರ್ಷ ಆ ಕೈ ಹಾಗೇ ಇತ್ತು. ಚಾಚಿದರೆ ಮಣಿಕಟ್ಟಿನಿಂದ ಕೆಳಗೆ ಬಾಗುತ್ತಿತ್ತು, ದೊಡ್ಡವರಿಗೆ ತಲೆಬಾಗಿದ ಹಾಗೆ. ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಮುದುರಿಕೊಳ್ಳುತ್ತಿದ್ದರು. ಗ್ಯಾಸು ಎಂದು ಗುಳಿಗೆ ಕೊಟ್ಟರು, ವಾಯು ಎಂದು ಎಣ್ಣೆ ತಿಕ್ಕಿದರು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಕೈ ಇಳಿದು ಅನ್ನ ಎದೆಯ ಮೇಲೆ ಬೀಳುತ್ತಿತ್ತು. ನಾನು ತಿನ್ನಿಸುತ್ತಿದ್ದೆ. ಮೂವತ್ತು ವರ್ಷ ನಾರು ಕಚ್ಚಿಕೊಂಡು, ಸಫೇದ ತಿಕ್ಕಿ, ಅದೇ ನಲ್ಲಿಯ ಕೆಳಗೆ ಕೈ ತೊಳೆದಂತೆ ಮಾಡಿ ಬುತ್ತಿ ಬಿಚ್ಚುತ್ತಿದ್ದರು. ಅದೇ ಇರಬಹುದು, ಅಲ್ಲದೆಯೂ ಇರಬಹುದು. ಈಗ ಯಾರನ್ನು ಕೇಳಲಿ?

"ಅಜ್ಜಿ?" ಚೇತನಾ ಓದುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. "ತಾತಂಗೆ..."

"ಅಮ್ಮಂಗೆ ಫೋನ್ ಮಾಡು" ಅಂದೆ.

ಸರೋಜ ಎರಡು ಗಂಟೆಯ ದಾರಿಯನ್ನು ಎಷ್ಟರಲ್ಲಿ ಬಂದಳೋ ದೇವರಿಗೇ ಗೊತ್ತು. ಬಾಗಿಲಲ್ಲೇ ಶುರು ಮಾಡಿದಳು. "ಅಮ್ಮ, ನಿನಗೆ ಯಾರು ಹೇಳಿದ್ರು ಅದನ್ನ ಮುಟ್ಟು ಅಂತ? ಅದನ್ನ ತಂದಿದ್ದಾದ್ರೂ ಯಾಕೆ? ಉಪ್ಪಿನಕಾಯಿ ತರ್ತಾರೆ, ಹಪ್ಪಳ ತರ್ತಾರೆ, ಯಾರಾದ್ರೂ ಪೈಪಿನ ಪೇಸ್ಟ್ ತರ್ತಾರಾ?"

"ಬೈಬೇಡ ಮಮ್ಮಿ" ಎಂದಳು ಚೇತನಾ. ಅವಳು ಅಮ್ಮನ ಹತ್ತಿರ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನು ಬೈತಿಲ್ಲ!" ಎಂದು ಸರೋಜ ಬೈದಳು. ಆಮೇಲೆ ಡಬ್ಬಿಯ ಸುತ್ತ ಇದ್ದ ಖಾಕಿ ಕರವಸ್ತ್ರ ನೋಡಿದಳು, ಗುರುತು ಹಿಡಿದಳು. ಬಯ್ಯುವುದು ಅಲ್ಲಿಗೆ ನಿಂತುಹೋಯಿತು. ಅಪ್ಪನ ಕೈ ಅವಳಿಗೂ ನೆನಪಿದೆ. ಅವಳು ನರ್ಸು. ಕಡ್ಡಿಯ ಕೆಂಪು ತುದಿಯನ್ನೂ ಕರವಸ್ತ್ರವನ್ನೂ ಒಟ್ಟಿಗೆ ನೋಡಿದಾಗ ಏನೇನು ಹೊಳೆಯಿತೋ ಅವಳಿಗೇ ಗೊತ್ತು.

ಇಬ್ಬರ ರಕ್ತವನ್ನೂ ತೆಗೆದರು, ಅವಳದ್ದೂ ನನ್ನದೂ. ನಾಲ್ಕು ದಿನ ಕಾಯಬೇಕೆಂದರು. ಸ್ನೇಹಿತರಿಗೆ ಬರಬೇಡಿ ಎಂದು ಹೇಳಿದ್ದಾಯಿತು. ಬಾಟಲಿಗಳನ್ನೂ, ಕಿತ್ತಳೆ ಡಬ್ಬಿಯನ್ನೂ ವಿಷದ ಕಸ ತೆಗೆದುಕೊಳ್ಳುವ ಜಾಗಕ್ಕೆ ಒಯ್ಯಬೇಕು. ಅದಕ್ಕೆ ಮುಂಚೆ ಚೇತನಾ ಕೈಗೆ ರಬ್ಬರ್ ಚೀಲ ಹಾಕಿಕೊಂಡು ವಾಲ್ವ್ ಬಿಚ್ಚಿದಳು. ಬಿಚ್ಚಿದ ತೂತಿನಿಂದ ಅರ್ಧ ಲೋಟದಷ್ಟು ಹುಳಿತ ಕಂದು ನೀರು ಹೊರಗೆ ಬಂತು. ಆ ಡಬ್ಬಿಗೆ ಎರಡು ಗೋಡೆ, ನಡುವೆ ಟೊಳ್ಳು. ನಾನು ಕಬ್ಬಿಣದ ಪೈಪನ್ನು ಬಿಗಿದ ಹಾಗೆ ಬಿಗಿದು ಒಳಗಿನ ವಾಶರನ್ನು ಜಜ್ಜಿಬಿಟ್ಟಿದ್ದೆ. ಹನಿ ನಿಂತಿರಲಿಲ್ಲ. ಹೊರಗೆ ಬರುವ ಬದಲು ಗೋಡೆಯ ಒಳಗೆ ಇಳಿದು ಕೂತಿತ್ತು, ಅಷ್ಟೆ. ನಾನು ಒಣಗಿದ ಪೇಪರ್ ನೋಡಿ ಜಂಬ ಪಟ್ಟಿದ್ದೆ.

ಸಫೇದದ ಡಬ್ಬಿಯನ್ನೂ ನಾರನ್ನೂ ನಾನೇ ಚೀಲಕ್ಕೆ ಹಾಕಿದೆ.

"ಕರವಸ್ತ್ರ?" ಎಂದು ಕೇಳಿದೆ.

ಚೇತನಾ ಅಮ್ಮನ ಮುಖ ನೋಡಿದಳು. ಸರೋಜ ಕಿಟಕಿಯ ಕಡೆ ತಿರುಗಿಕೊಂಡಳು. "ಅದೂ ಅಜ್ಜಿ. ಸಾರಿ."

ಹಾಕಿದೆ.

ಆ ನಾಲ್ಕು ದಿನ ಎಲ್ಲರೂ ಡೈಮಂಡ್ ಬಾರಿನಲ್ಲೇ ಇದ್ದೆವು. ನಾನು ಅವಳ ಬೆನ್ನು ಬಿಡಲಿಲ್ಲ. "ಆ ಸೌಟು ಎತ್ತಿಕೊಡೆ", "ಕಾಫಿ ನೀನೇ ಬಗ್ಗಿಸು", "ಆ ಅಕ್ಕಿ ಡಬ್ಬಿ ಮೇಲಿಡು" ಎಂದು ಕೆಲಸ ಹೇಳುತ್ತಾ ಅವಳ ಮಣಿಕಟ್ಟನ್ನೇ ನೋಡುತ್ತಿದ್ದೆ. ಹೊಟ್ಟೆ ಮುಟ್ಟಿಕೊಂಡರೆ ಓಡಿಹೋಗಿ ಪಕ್ಕ ನಿಲ್ಲುತ್ತಿದ್ದೆ. ಒಂದು ಸಲ ನಗುವಾಗ ಬಾಯಿ ಹತ್ತಿರ ಹೋಗಿ ಒಸಡು ನೋಡಿದೆ, ಸೀಸ ಇದ್ದರೆ ಒಸಡಿನ ಮೇಲೆ ನೀಲಿ ಗೆರೆ ಬರುತ್ತದೆ ಎಂದು ಓದಿದ್ದಳಲ್ಲ. "ಅಜ್ಜಿ! ನಾನೇನು ಸಂತೆ ಎತ್ತಾ, ಹಲ್ಲು ನೋಡ್ತೀಯ?" ಅಂದಳು. ಸಂತೆ, ಎತ್ತು, ಈ ಮಾತೆಲ್ಲ ಎಲ್ಲಿ ಕಲಿತಳೋ! ಅಳಿಯ ಮಂಜುನಾಥ ಒಳ್ಳೆಯವನು, ಒಂದು ಮಾತೂ ಆಡಲಿಲ್ಲ. ಕೆಲಸದಿಂದ ಬಂದು, "ಅತ್ತೆ, ಊಟ ಮಾಡಿದ್ರಾ?" ಎಂದು ಕೇಳುತ್ತಿದ್ದ, ಅಷ್ಟೆ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ನಾನು ಊಟ ಮಾಡಿರುತ್ತಿರಲಿಲ್ಲ. ಕೈಯಲ್ಲಿ ತುತ್ತು ಹಿಡಿದರೆ ಇನ್ನೊಂದು ಕೈ ಕಾಣುತ್ತಿತ್ತು.

ಎರಡನೇ ದಿನ ಚೇತನಾ ಹೊಸ ಕಿತ್ತಳೆ ಡಬ್ಬಿ, ಹೊಸ ವಾಲ್ವ್ ತಂದು ಸರೋಜಳ ಮನೆಯ ಗ್ಯಾರೇಜಿನಲ್ಲಿ ಹರಡಿದಳು. "ಬಾ ಅಜ್ಜಿ."

"ನಾನು ಮುಟ್ಟಲ್ಲಮ್ಮ."

"ನೀನು ಹಿಡ್ಕೊ. ನಾನು ತಿರುಗಿಸ್ತೀನಿ."

ನಾನು ಡಬ್ಬಿಯ ಒಳಗೆ ಕೈ ಬಿಟ್ಟು ವಾಲ್ವಿನ ಬಾಲ ಹಿಡಿದುಕೊಂಡೆ. ಅವಳು ಹೊರಗಿನಿಂದ ನಟ್ಟು ತಿರುಗಿಸಿದಳು. ಬರಿ ಕೈಯಲ್ಲಿ ಎಷ್ಟು ಹೋಗುತ್ತದೋ ಅಷ್ಟು, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು. ಅಲ್ಲಿಗೇ ನಿಲ್ಲಿಸಿದಳು. ನನ್ನ ಕೈ ಇನ್ನೂ ಒಂದು ಸುತ್ತು ಎಂದು ತುಡಿಯುತ್ತಿತ್ತು.

"ಇಷ್ಟಕ್ಕೇ ಬಿಟ್ಯಾ?"

"ರಬ್ಬರ್ ಸ್ವಲ್ಪ ಉಸಿರಾಡ್ಬೇಕು ಅಜ್ಜಿ. ಜಾಸ್ತಿ ಹಿಂಡಿದ್ರೆ ಅದು ಸುಕ್ಕಾಗಿ ದಾರಿ ಬಿಡುತ್ತೆ. ಅವತ್ತು ನಾನೂ ಅದೇ ತಪ್ಪು ಮಾಡಿದ್ದೆ. ಮೂರು ಸಲಾನೂ."

ನೀರು ತುಂಬಿ ಪೇಪರ್ ಹಾಸಿದೆವು. ನಾನು ಎಣಿಸಲಿಲ್ಲ. ನನಗೆ ಪೇಪರಿನ ಮೇಲೆ ನಂಬಿಕೆ ಹೋಗಿತ್ತು. ಮಾರನೇ ದಿನ ಅವಳೇ ಮತ್ತೆ ಬಿಚ್ಚಿ, ಗೋಡೆಯ ಟೊಳ್ಳಿಗೆ ಒಣ ಬಟ್ಟೆಯ ತುದಿ ತೂರಿಸಿ ತೆಗೆದು ನನ್ನ ಕೈಗೆ ಕೊಟ್ಟಳು. ಬಟ್ಟೆ ಗರಿಗರಿಯಾಗಿ ಒಣಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದೆ. ಆಮೇಲೆ ಅವಳು ಮೊದಲಿನ ಹಾಗೇ ಜೋಡಿಸಿದಳು, ಕೈಬಿಗಿ, ಕಾಲು ಸುತ್ತು.

ಇವತ್ತು ಫೋನ್ ಬಂದಾಗ ಚೇತನಾ ಮನೆಯಲ್ಲಿರಲಿಲ್ಲ. ಅಪ್ಪನ ಜೊತೆ ಲಾಂಗ್ ಬೀಚಿಗೆ ಹೋಗಿದ್ದಳು. ಕೂಗಿ ಹೇಳೋಣವೆಂದು ನಾನೇ ಫೋನ್ ಮಾಡಿದರೆ, "ಗೊತ್ತಾಯ್ತು ಅಜ್ಜಿ, ನನಗೂ ಮೆಸೇಜ್ ಬಂತು. ಸಂಜೆ ಊಟಕ್ಕೆ ಏನು?" ಅಂದಳು. ಅಷ್ಟೇ! ನಾನು ನಾಲ್ಕು ದಿನ ಸತ್ತು ಬದುಕಿದ್ದೇನೆ, ಇವಳಿಗೆ ಊಟಕ್ಕೆ ಏನು. ನನ್ನ ರಕ್ತದಲ್ಲಿ ಸ್ವಲ್ಪ ಸೀಸ ಇದೆಯಂತೆ, ಹಳೆಯದಂತೆ, ಈ ವಯಸ್ಸಿಗೆ ಹೆದರಬೇಕಿಲ್ಲ, ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ ಎಂದರಂತೆ. ಸರೋಜ ಅದನ್ನು ಹೇಳುವಾಗ ನನ್ನ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು. ಸ್ವಲ್ಪ ಇದ್ದರೆ ಇರಲಿ. ಯಜಮಾನರ ಅಂಗಿ ಒಗೆದ ಕೈ ಇದು.

ಸಂಜೆ ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಮಾಡಿದೆ. ಮೇಜಿನ ಕೊನೆಯಲ್ಲಿ ಹೊಸ ಕಿತ್ತಳೆ ಡಬ್ಬಿ, ಅದರ ತುಂಬ ಕುಡಿಯುವ ನೀರು. ಮೊದಲು ನೀರು, ಬಿಯರ್ ಆಮೇಲೆ, ಅದೂ ನೀನು ರಾಗಿ ಮೊಳಕೆ ಕಟ್ಟಿಕೊಟ್ಟರೆ ಮಾತ್ರ ಎಂದಳು ಚೇತನಾ. ಕಟ್ಟಿಕೊಡುತ್ತೇನೆ ಎಂದಿದ್ದೇನೆ. ನಲ್ಲಿ ತಿರುಗಿಸಿ ನಾಲ್ಕು ಲೋಟಕ್ಕೂ ಅವಳೇ ನೀರು ಹಿಡಿದಳು, ಮೊದಲು ನನಗೆ. ನಾನು ಬಗ್ಗಿ ಡಬ್ಬಿಯ ಕೆಳಗೆ ಸವರಿದೆ.

"ಅತ್ತೆ, ಬಿಡಿ ಅದನ್ನ" ಎಂದ ಮಂಜುನಾಥ.

"ಬಿಟ್ಟೆ" ಅಂದೆ.

ಮುದ್ದೆಯ ಬಿಸಿಗೆ ಎಲ್ಲರೂ ಬೆರಳು ಊದಿಕೊಂಡರು. ಸಾರು ಖಾರ ಎಂದು ಮಂಜುನಾಥ ಮೂಗು ಒರೆಸಿಕೊಂಡ. ಇನ್ನೊಂದು ಸೌಟು ಹಾಕು ಎಂದು ಸರೋಜ ತಟ್ಟೆ ಮುಂದೆ ತಂದಳು. ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೈಗಳನ್ನು ನೋಡುತ್ತಿದ್ದೆ. ಚೇತನಾಳ ಕೈ ಮುದ್ದೆ ಮುರಿಯಿತು, ಸಾರಿನಲ್ಲಿ ಅದ್ದಿತು, ಮೇಲೆದ್ದಿತು. ಮಣಿಕಟ್ಟು ಎಲ್ಲೂ ಬಾಗಲಿಲ್ಲ. ತುತ್ತು ನೆಟ್ಟಗೆ ಬಾಯಿಗೆ ಹೋಯಿತು. ಮತ್ತೊಂದು. ಮತ್ತೊಂದು.

"ಅಜ್ಜಿ, ಏನು ನೋಡ್ತಿದ್ದೀಯ? ತಿನ್ನು" ಅಂದಳು ಬಾಯಿ ತುಂಬಿಕೊಂಡು.

"ಏನಿಲ್ಲ. ನೀನು ಉಣ್ಣು" ಎಂದು ನಾನೂ ಮುದ್ದೆ ಮುರಿದೆ.